ಕೂಸಿಲ್ಲದ ಬಾಣಂತನ

ಗೋಕಾಕದ ಬಜಾರದಲ್ಲಿ ಕರದಂಟಿನ ಅಂಗಡಿಯ ಮುಂದೆ ಹಾದುಹೋದರೆ ಈಗಲೂ ನನ್ನ ಕೈ ತಾನಾಗಿಯೇ ಕೊರಳಿಗೆ ಹೋಗುತ್ತದೆ. ಹೋದ ತಿಂಗಳು ಮಗಳು ಸುಶೀಲಾ ನನ್ನನ್ನು ಕಣ್ಣು ತೋರಿಸಲು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ತಿರುಗಿ ಆಟೋ ಹಿಡಿಯಲು ಬರುವಾಗ ಅಂಗಡಿಯವನು ದೊಡ್ಡ ಬಾಣಲೆಯಲ್ಲಿ ತುಪ್ಪ ಕಾಯಿಸಿ ಗಿಡದ ಅಂಟು ಕರಿಯುತ್ತಿದ್ದ. ಅಂಟು ಅರಳುವಾಗ ಬರುವ ಆ ವಾಸನೆಗೆ ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ.

“ತಗೊಳ್ಳೂಣೇನವ್ವಾ?” ಎಂದಳು ಸುಶೀಲಾ.

“ಬ್ಯಾಡ. ಬಾಣಂತನದಾಗ ತಿಂದದ್ದ ಇನ್ನೂ ಕರಗಿಲ್ಲ.”

“ಯಾವ ಬಾಣಂತನ? ನಂದೇನು?”

“ನಿಂದಲ್ಲ. ಕೂಸಿಲ್ಲದ್ದು.”

ಅವಳು ನಕ್ಕಳು. ಆ ಕಥೆ ಅವಳಿಗೆ ಗೊತ್ತು, ಆದರೆ ಅರ್ಧ ಮಾತ್ರ. ಆ ವರ್ಷ ಅವಳಿಗೆ ಮೂರು ತುಂಬಿತ್ತು, ಹೊಸ್ತಿಲ ಆಚೆ ಕುಳಿತು ನೋಡಿದ್ದಷ್ಟೇ. ಪೂರ್ತಿ ಬಲ್ಲವಳು ನಾನು, ನನಗಿಂತ ಹೆಚ್ಚು ಬಲ್ಲವರು ನಮ್ಮ ಅತ್ತೆ. ಅವರು ಈಗ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅರವತ್ತರ ದಶಕದ ನಡುವಿನ ಮಾತು. ನಾನು ಮೂಡಲಗಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಶಿಕ್ಷಕಿಯಾಗಿದ್ದೆ. ತವರು ಗೋಕಾಕ, ಕೊಟ್ಟದ್ದು ಮೂಡಲಗಿಗೆ. ನಮ್ಮ ಮನೆಯವರು ಹುಕ್ಕೇರಿ ಕಡೆ ತಲಾಠಿ, ಹಳ್ಳಿಗಳ ಜಮೀನಿನ ಲೆಕ್ಕ ಬರೆಯುವ ನೌಕರಿ. ಶನಿವಾರ ಸಂಜೆ ಬರುತ್ತಿದ್ದರು, ಸೋಮವಾರ ನಸುಕಿಗೆ ಹೋಗುತ್ತಿದ್ದರು. ವಾರವೆಲ್ಲ ಮನೆಯಲ್ಲಿ ನಾನು, ಸುಶೀಲಾ ಮತ್ತು ಅತ್ತೆ ಚೆನ್ನವ್ವ. ಅತ್ತೆ ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಜೋಳದ ಹೊಲ, ಎರಡು ಎಮ್ಮೆ, ಒಬ್ಬ ಮಗ ಇಷ್ಟನ್ನೂ ಒಬ್ಬರೇ ನಿಭಾಯಿಸಿದವರು. ಓಣಿಯಲ್ಲಿ ಯಾರು ಹಡೆದರೂ ಮೊದಲು ಕರೆ ಬರುತ್ತಿದ್ದದ್ದು ಅವರಿಗೆ. ಬಾಣಂತನ ಮಾಡುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು, ಊರಿಗಿಂತ ಹೆಚ್ಚಾಗಿ ಅವರೇ ಹೇಳಿಕೊಳ್ಳುತ್ತಿದ್ದರು.

ನಮ್ಮಿಬ್ಬರಿಗೂ ಜಗಳ. ಕಾರಣ ಒಂದೇ, ನನ್ನ ನೌಕರಿ. “ಮನ್ಯಾಗ ಉಣ್ಣಾಕ ಕಡಿಮಿ ಐತೇನ? ಬಿಟ್ಟಬಿಡು ಆ ಸಾಲಿ” ಎಂದು ಅವರು ಶುರುಮಾಡಬೇಕು, “ನನ್ನ ಪಗಾರಿನಿಂದ ಮನಿ ಹಂಚು ಹೊದಿಸೀವಿ, ಮರತ್ರೇನು?” ಎಂದು ನಾನು ಏರಬೇಕು. ಆಮೇಲೆ ಹಂಚು, ಎಮ್ಮೆ, ನನ್ನ ತವರು, ಅವರ ಮಗನ ಸಾಲಿ ಓದು, ಎಲ್ಲ ಒಂದೊಂದಾಗಿ ಹೊರಬರುತ್ತಿದ್ದವು. ರೊಟ್ಟಿ ಬಡಿಯುವ ಹೊತ್ತಿಗೆ ಶುರುವಾದದ್ದು ಉಣ್ಣುವ ಹೊತ್ತಿಗೆ ಮುಗಿಯುತ್ತಿತ್ತು. ಇಬ್ಬರಿಗೂ ಆಮೇಲೆ ಹೊಟ್ಟೆ ತುಂಬ ಹಸಿವು. ಈಗ ನೆನೆದರೆ, ನಾವು ಜಗಳವಾಡುತ್ತಿದ್ದೆವೋ ಮಾತಾಡುತ್ತಿದ್ದೆವೋ ಎಂದು ನನಗೇ ಅನುಮಾನ.

ಆ ವರ್ಷದ ದಸರೆಯ ಮುಂಚೆ ನನ್ನ ಮೈಯೊಳಗೆ ಏನೋ ಓಡತೊಡಗಿತು. ಬೇರೆ ಶಬ್ದ ಸಿಗದು, ಓಡುವುದೇ. ಕುಳಿತಲ್ಲೇ ಎದೆ ಡವಡವ. ಗಂಡಸರಷ್ಟು ಉಣ್ಣುತ್ತಿದ್ದೆ, ಆದರೂ ಮೈ ಸೊರಗುತ್ತಾ ಹೋಯಿತು. ಕೈ ಕೆಳಗೆ ಬಿಟ್ಟರೆ ಬಳೆಗಳು ಜಾರಿ ಬೀಳುತ್ತಿದ್ದವು. ದೀಪಾವಳಿಯ ಚಳಿಯಲ್ಲಿ ಊರೆಲ್ಲ ಕೌದಿ ಹೊದ್ದು ಮಲಗಿದರೆ ನಾನು ಅಂಗಳದ ಬರಿ ನೆಲದ ಮೇಲೆ ಬೆವರುತ್ತಾ ಹೊರಳುತ್ತಿದ್ದೆ. ಕರಿಹಲಗೆಯ ಮೇಲೆ ಬರೆಯಹೋದರೆ ಕೈ ನಡುಗಿ ಸೀಮೆಸುಣ್ಣದ ಖಡು ಪಟಕ್ಕೆಂದು ಮುರಿಯುತ್ತಿತ್ತು. ಕಣ್ಣು ಮುಂದಕ್ಕೆ ಬಂದು, ಯಾವಾಗಲೂ ಬೆದರಿದವಳ ಹಾಗೆ ಕಾಣುತ್ತಿದ್ದೆ. ಮಕ್ಕಳು ನನ್ನ ಮುಖ ನೋಡಲು ಹೆದರಿ ಪಾಟಿಯ ಮೇಲೆ ಕಣ್ಣಿಡತೊಡಗಿದರು. ಸಿಟ್ಟಂತೂ ಮೊದಲೇ ಇತ್ತು, ಈಗ ಅದಕ್ಕೆ ಲಂಗುಲಗಾಮಿಲ್ಲದಂತಾಯಿತು. ಒಂದು ದಿನ ಒಬ್ಬ ಹುಡುಗಿಯ ಪಾಟಿಯನ್ನು ನೆಲಕ್ಕೆ ಕುಕ್ಕಿ ಒಡೆದೆ. ಅವಳು ಅಳಲಿಲ್ಲ, ನಾನೇ ಅತ್ತುಬಿಟ್ಟೆ.

ಓಣಿಯವರು ಗಾಳಿ ಸೋಕಿದೆ ಎಂದರು. ಅತ್ತೆ ಒಂದೆರಡು ಕಡೆ ತಾಯತವನ್ನೂ ಕಟ್ಟಿಸಿದರು. ಕೊನೆಗೆ ನಮ್ಮ ಮನೆಯವರು ಒಂದು ಶನಿವಾರ ಬಂದವರೇ ನನ್ನನ್ನು ಗೋಕಾಕದ ಡಾಕ್ಟರರ ಹತ್ತಿರ ಕರೆದೊಯ್ದರು. ವಯಸ್ಸಾದವರು, ನನ್ನ ತವರಿನ ಪರಿಚಯದವರು. ಎರಡೂ ಕೈ ಮುಂದೆ ಚಾಚಿಸಿ ಬೆರಳುಗಳ ಮೇಲೆ ಒಂದು ತೆಳ್ಳನೆಯ ಕಾಗದ ಹಾಸಿದರು. ಕಾಗದ ಎಲೆಯ ಹಾಗೆ ಅದುರಿತು. ನೀರು ನುಂಗಿಸಿ ಕೊರಳು ಮುಟ್ಟಿ ನೋಡಿದರು.

“ಗಾಳಿನೂ ಅಲ್ಲ, ದೆವ್ವನೂ ಅಲ್ಲ” ಎಂದರು. “ಕೊಳ್ಳಾಗ ಥೈರಾಯ್ಡ್ ಅಂತ ಒಂದು ಗ್ರಂಥಿ ಐತಿ. ಮೈ ಎಷ್ಟು ಜೋರು ನಡೀಬೇಕು ಅನ್ನೂದು ಅದರ ಕೈಯಾಗ. ನಿಂದು ಮಿತಿಮೀರಿ ಓಡಾಕತ್ತೈತಿ. ಗುಳಿಗಿ ಕೊಟ್ಟು ನೋಡೂಣು. ಕೊಯ್ಯೂದಂದ್ರ ನಿನ್ನ ಎದಿ ಬಡಿತಕ್ಕ ನನಗ ಧೈರ್ಯ ಇಲ್ಲ.”

ಗುಳಿಗೆಯಿಂದ ಎದೆಬಡಿತ ಒಂದಿಷ್ಟು ಇಳಿಯಿತು, ಆದರೆ ಮೈತುಂಬ ದದ್ದು ಎದ್ದವು. ಅದನ್ನು ನಿಲ್ಲಿಸಬೇಕಾಯಿತು. ಆಗ ಡಾಕ್ಟರರು ಮುಂಬೈಯಲ್ಲಿ ಹೊಸದೊಂದು ಚಿಕಿತ್ಸೆ ಶುರುವಾಗಿದೆ, ಔಷಧ ಕುಡಿದರಾಯಿತು, ಚಾಕು ಇಲ್ಲ ಎಂದರು. ಸಾಲಿಯಲ್ಲಿ ರಜೆ ಕೇಳಿದೆ. ದೊಡ್ಡ ಬಾಯಿಯವರು, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಬೇಸಗೆ ಸೂಟಿ ಮುಗಿಯುವವರೆಗೆ ರಜೆ ಕೊಡಿಸಿದರು. “ಜೂನ್‌ದಾಗ ಬಂದ ಬಿಡಬೇಕು ಕಮಲಾಬಾಯಿ. ಇಲ್ಲಂದ್ರ ನಿಮ್ಮ ಜಾಗಾಕ್ಕ ಬ್ಯಾರೇದವರು ಬರ್ತಾರ, ನನ್ನ ಕೈಯಾಗ ಏನೂ ಉಳಿಯೂದಿಲ್ಲ” ಎಂದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೇ ರೈಲು ಹತ್ತಿದೆ. ಬದುಕುತ್ತೇನೋ ಇಲ್ಲವೋ ಎಂಬುದಕ್ಕಿಂತ, ಆ ಕರಿಹಲಗೆಯ ಮುಂದೆ ಮತ್ತೆ ನಿಲ್ಲುತ್ತೇನೋ ಇಲ್ಲವೋ ಎಂಬುದೇ ನನ್ನ ಭಯವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಮನೆಯವರ ಜೊತೆ ಗೋಕಾಕ ರೋಡ್ ಸ್ಟೇಶನ್ನಿನಿಂದ ಮಿರಜ, ಮಿರಜದಿಂದ ಗಾಡಿ ಬದಲಿಸಿ ಪುಣೆ, ಅಲ್ಲಿಂದ ಮುಂಬೈ. ಅಲ್ಲಿಯ ದವಾಖಾನೆಯ ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಕೊರಳಿನ ಈ ಗ್ರಂಥಿಗೆ ಅಯೋಡಿನ್ ಎಂದರೆ ಬಲು ಆಸೆಯಂತೆ. ರಕ್ತದಲ್ಲಿ ಎಲ್ಲಿ ಕಂಡರೂ ಹಿಡಿದು ನುಂಗುತ್ತದಂತೆ. ಅದಕ್ಕೇ ವಿಕಿರಣವಿರುವ ಅಯೋಡಿನ್ ಕೊಡುತ್ತಾರೆ. ಗ್ರಂಥಿ ತಾನಾಗಿಯೇ ಅದನ್ನು ಎಳೆದುಕೊಂಡು ಒಳಗಿಂದೊಳಗೇ ಸುಟ್ಟುಕೊಂಡು ಕಾವು ಇಳಿಸಿಕೊಳ್ಳುತ್ತದೆ. ಉಳಿದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹೊಟ್ಟೆಬಾಕನಿಗೆ ಊಟದಲ್ಲೇ ಮದ್ದು ಬೆರೆಸಿಟ್ಟ ಹಾಗೆ ಎಂದುಕೊಂಡೆ. ನನ್ನ ಗ್ರಂಥಿಯ ಮೇಲೆ ಸ್ವಲ್ಪ ಕನಿಕರವೂ ಆಯಿತು.

ಮೊದಲು ಕೊರಳ ಮುಂದೆ ಒಂದು ಯಂತ್ರವಿಟ್ಟು ಪರೀಕ್ಷೆ ಮಾಡಿದರು. ಆಮೇಲೆ ಒಂದು ಕೋಣೆ. ಮೇಜಿನ ಮೇಲೆ ಸೀಸದ ಇಟ್ಟಿಗೆಗಳ ಸಣ್ಣ ಗೋಡೆ. ಕೈಗವಸು ಹಾಕಿಕೊಂಡವನೊಬ್ಬ ಆ ಗೋಡೆಯ ಆಚೆಯಿಂದ ಉದ್ದನೆಯ ಚಿಮಟಿಗೆಯಲ್ಲಿ ಗಾಜಿನ ಲೋಟ ಎತ್ತಿ ನನ್ನ ಮುಂದಿಟ್ಟು, ತಾನು ದೂರ ಸರಿದು ನಿಂತ. ತಾನು ಮುಟ್ಟಲು ಹೆದರುವುದನ್ನು ನನಗೆ ಕುಡಿ ಎನ್ನುತ್ತಾನಲ್ಲ ಎಂದು ಡಾಕ್ಟರ ಕಡೆ ತಿರುಗಿದೆ. ಅವನಿಗೆ ದಿನವೂ ಅದೇ ಕೆಲಸ, ನನಗೆ ಒಂದೇ ಸಲ, ಅದಕ್ಕೇ ಅವನು ದೂರ ಎಂದು ಡಾಕ್ಟರು ಹೇಳಿದರು. ಕೊಳವೆಯಿಂದ ಹೀರಿದೆ. ಬರೀ ನೀರು. ರುಚಿಯಿಲ್ಲ, ವಾಸನೆಯಿಲ್ಲ. ಇಷ್ಟಕ್ಕೇ ಇಷ್ಟು ದೂರ ಬಂದೆನೇ ಎನ್ನಿಸಿತು.

ಕೆಲವು ದಿನ ಅಲ್ಲೇ ಇಟ್ಟುಕೊಂಡು ಕಳಿಸುವಾಗ ಡಾಕ್ಟರು ಮತ್ತೆ ಹೇಳಿದರು. ಮನೆಗೆ ಹೋದ ಮೇಲೂ ಇನ್ನೊಂದು ವಾರ ಬೇರೆ ಮಲಗಬೇಕು. ಸಣ್ಣ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ತಟ್ಟೆ ಲೋಟ ಬೇರೆ ಇರಲಿ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮುಂದೆಂದಾದರೂ ಚಳಿ ಹೆಚ್ಚಾದರೆ, ಮೈ ಭಾರವಾದರೆ, ಮಂಪರು ಬಂದರೆ ನಿಮ್ಮ ಡಾಕ್ಟರಿಗೆ ತೋರಿಸಿ. ನಾವಿಬ್ಬರೂ ತಲೆಯಾಡಿಸಿದೆವು. ನಿದ್ದೆಗಾಗಿ ಹಪಹಪಿಸುತ್ತಿದ್ದವಳಿಗೆ ಮಂಪರು ಬರುತ್ತದೆ ಎಂದರೆ ಅದು ವರದ ಹಾಗೆ ಕೇಳಿತೇ ಹೊರತು ಎಚ್ಚರಿಕೆಯ ಹಾಗೆ ಕೇಳಲಿಲ್ಲ.

ಮೂಡಲಗಿಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತು ಮಗನಿಂದ ಎಲ್ಲ ಹೇಳಿಸಿಕೊಂಡರು.

“ಬ್ಯಾರೆ ಮಲಗಬೇಕು, ತಾಟು ಗಿಂಡಿ ಬ್ಯಾರೆ, ಬಟ್ಟಿ ಬ್ಯಾರೆ ಒಗೀಬೇಕು, ದಣೀಬಾರದು, ಮಂದಿ ಬಂದು ಮುತ್ತಬಾರದು. ಇಷ್ಟ ಹೌದಲ್ಲೋ ಬಸೂ?”

“ಇಷ್ಟ ಅವ್ವಾ.”

“ಬಾಣಂತನ ಅಂತ ಒಂದ ಮಾತಿನ್ಯಾಗ ಹೇಳಬಾರದ? ಮುಂಬೈದವರು ಅದಕ್ಕೊಂದು ದೊಡ್ಡ ಹೆಸರು ಇಟ್ಟಾರ ನೋಡು!”

ಅಲ್ಲಿಗೆ ಮುಗಿಯಿತು. ಸೀಸದ ಗೋಡೆ, ಚಿಮಟಿಗೆ, ಕಾಣದ ಕಿರಣ, ಎಲ್ಲವೂ ಅತ್ತೆಯ ಕೈಗೆ ಬಂದು ಅವರು ಬಲ್ಲ ವಿದ್ಯೆಯಾಗಿಬಿಟ್ಟವು. ಹಿಂದಿನ ಕತ್ತಲ ಕೋಣೆ ಸಾರಿಸಿ, ಹೊರಸು ಹಾಕಿ, ಕಿಟಕಿಗೆ ಗೋಣಿತಟ್ಟು ಕಟ್ಟಿದರು. ನನ್ನ ತಲೆಗೆ ಬಟ್ಟೆ ಸುತ್ತಿ ಕಿವಿಗೆ ಅರಳೆ ತುರುಕಿದರು. ಗೋಕಾಕದಿಂದ ಅಂಟು ತರಿಸಿ, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಬೆಲ್ಲ ಸೇರಿಸಿ ಕರದಂಟು ಮಾಡಿದರು. ಮನೆಯೆಲ್ಲ ತುಪ್ಪದ ವಾಸನೆ. ಕೊನೆಗೆ ಹೊರಸಿನ ಕೆಳಗೆ ಕೆಂಡದ ಬೋಗುಣಿ ತಂದಿಟ್ಟರು.

ಒಳಗಿನ ಉರಿ ಆಗಿನ್ನೂ ಇಳಿದಿರಲಿಲ್ಲ. ಕೆಂಡದ ಕಾವು ತಾಗಿದ್ದೇ ತಡ, ನಾನು ಎದ್ದು ಕುಳಿತೆ.

“ಅತ್ತೀ, ಮೊದಲ ನನಗ ಬೆಂಕಿ ಹತ್ತಿದ್ಹಂಗ ಆಗೈತಿ, ಕೆಳಗ ನೀವು ಕೆಂಡ ಇಡ್ತೀರಿ! ತಗೀರಿ ಮೊದಲ!”

“ಬಾಣಂತಿ ಇಷ್ಟು ಬಾಯಿ ಮಾಡಬಾರದು. ನೆತ್ತಿಗಿ ಗಾಳಿ ಏರತೈತಿ.”

“ಕೂಸ ಎಲ್ಲೈತ್ರಿ ಬಾಣಂತಿ ಅನ್ನಾಕ?”

ಹೊಸ್ತಿಲಾಚೆ ಕುಳಿತಿದ್ದ ಸುಶೀಲಾ ಅದನ್ನೇ ಹಿಡಿದಳು. “ಅಜ್ಜೀ, ಪಾಪು ಎಲ್ಲೈತಿ?”

“ಮುಂಬೈದಾಗ ಮರತ ಬಂದಾರವ್ವಾ ನಿಮ್ಮಪ್ಪ ನಿಮ್ಮವ್ವ” ಎಂದರು ಅತ್ತೆ, ಕೆಂಡಕ್ಕೆ ಲೋಬಾನ ಹಾಕುತ್ತಾ.

ದೀಪ ಹಚ್ಚುವ ಮುಂಚಿನ ಮಬ್ಬಿನಲ್ಲಿ ಅವರು ಬಾಗಿಲಲ್ಲಿ ನಿಂತು ನನ್ನ ಕೊರಳನ್ನು ದಿಟ್ಟಿಸುತ್ತಿದ್ದುದನ್ನು ಎಷ್ಟೋ ಸಲ ಕಂಡೆ. “ಏನು ನೋಡ್ತೀರಿ?” ಎಂದು ಕೇಳಿದರೆ, “ಏನಿಲ್ಲ. ಒಳಗ ಬೆಳಕು ಐತಿ ಅಂದಿದ್ದ ಬಸು. ದೀಪದ ಎಣ್ಣಿ ಉಳೀತೈತೇನಂತ ನೋಡಿದೆ” ಎಂದರು. ಸಿಟ್ಟಿನಲ್ಲಿದ್ದವಳಿಗೂ ನಗು ತಡೆಯಲಾಗಲಿಲ್ಲ.

ಡಾಕ್ಟರು ಹೇಳಿದ್ದು ವಾರ. ಅತ್ತೆ ಕೇಳಬೇಕಲ್ಲ! “ವಾರದ ಬಾಣಂತನ ಯಾರ ಮನ್ಯಾಗ ಕಂಡೀ?” ಎಂದು ಒಂದು ತಿಂಗಳಿಗೂ ಮಿಗಿಲಾಗಿ ಕೂಡಿಹಾಕಿದರು. ಸುಶೀಲಾ ದಿನವೂ ಹೊಸ್ತಿಲಿಗೆ ಬಂದು ಗೊಂಬೆ ತೋರಿಸಿ ಹೋಗುತ್ತಿದ್ದಳು. ಕೈ ಚಾಚಿದರೆ ಸಿಗುವ ಮಗುವನ್ನು ಮುಟ್ಟದೆ ಇರುವುದು ಎಂಥ ಸಂಕಟ ಎಂದು ಆಗ ತಿಳಿಯಿತು. ಕೊನೆಗೊಂದು ದಿನ ಅತ್ತೆ ನನಗೆ ತಲೆಯ ಮೇಲಿಂದ ನೀರು ಹೊಯ್ದು, ಹೊಸ ಬಳೆ ತೊಡಿಸಿ, ಉಡಿ ತುಂಬಿ ಹೊರಗೆ ಕರೆತಂದರು. ಸುಶೀಲಾಳನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಕೂರಿಸಿ, “ತಗೋ, ಇದ ನಿನ್ನ ಕೂಸು” ಎಂದರು. ನಾನು ಅವಳ ತಲೆಗೆ ಮುಖವೊತ್ತಿ ತುಂಬ ಹೊತ್ತು ಅಳುತ್ತಾ ಕುಳಿತೆ. ಅತ್ತೆಯೂ ಮೂಗು ಒರೆಸಿಕೊಳ್ಳುತ್ತಾ ಎಮ್ಮೆಯ ಕಡೆ ಹೋದರು.

ಹೋಳಿ ಹುಣ್ಣಿಮೆಯ ಹೊತ್ತಿಗೆ ನಿಜಕ್ಕೂ ಗುಣ ಕಂಡಿತು. ಎದೆ ತನ್ನ ಪಾಡಿಗೆ ತಾನು ಬಡಿಯತೊಡಗಿತು. ಮಲಗಿದರೆ ನಿದ್ದೆ. ಬೆರಳುಗಳ ಮೇಲೆ ಕಾಗದ ಹಾಸಿದರೆ ಅಲುಗಲಿಲ್ಲ. ಸುಶೀಲಾಳ ಪಾಟಿಯ ಮೇಲೆ ಅ, ಆ ಬರೆದೆ, ಗೆರೆ ನೆಟ್ಟಗೆ ಬಂತು. ಅಂದಿನ ಸುಖವನ್ನು ಹೇಗೆ ಹೇಳಲಿ? ಜೂನ್ ಯಾವಾಗ ಬಂದೀತು ಎಂದು ಕಾಯತೊಡಗಿದೆ. ಅತ್ತೆ ಓಣಿಯೆಲ್ಲ ತಿರುಗಿ “ಮುಂಬೈ ನೀರು ನೆಪಕ್ಕ. ಎತ್ತಿದ್ದು ನನ್ನ ಅಂಟು” ಎಂದು ಸಾರಿಬಂದರು.

ಮೈ ತುಂಬುತ್ತಾ ಬಂತು. ತುಂಬುತ್ತಲೇ ಹೋಯಿತು. ಬಳೆಗಾರ್ತಿ ಬಂದಾಗ ಸಾಬೂನು ಹಚ್ಚಿ ಎಳೆದರೂ ಹಳೆಯ ಬಳೆ ಕೈಯಿಂದ ಬರಲಿಲ್ಲ, ಒಡೆದೇ ತೆಗೆಯಬೇಕಾಯಿತು. “ಎಷ್ಟು ಚೆಂದ ಮೈ ತುಂಬೀರಿ ಬಾಯಾರ” ಎಂದಳು ಅವಳು. ಬಂದವರೆಲ್ಲ ಅದನ್ನೇ ಹೇಳಿದರು. ಗಲ್ಲ ತುಂಬಿವೆ, ಸ್ವಭಾವ ತಣ್ಣಗಾಗಿದೆ, ಸೊಸೆ ಎಂದರೆ ಹೀಗಿರಬೇಕು. ನಮ್ಮ ಮನೆಯವರೂ ಶನಿವಾರ ಬಂದಾಗ ನೋಡಿ ಸಮಾಧಾನಪಟ್ಟರು. ಇಷ್ಟು ತಿಂಗಳು ನಾವೆಲ್ಲ ದೇವರಲ್ಲಿ ಬೇಡಿಕೊಂಡದ್ದು ಇದನ್ನೇ ಅಲ್ಲವೇ: ಇವಳಿಗೆ ನಿದ್ದೆ ಬರಲಿ, ಮೈ ತುಂಬಲಿ, ಸಿಟ್ಟು ಇಳಿಯಲಿ. ಕೇಳಿದ್ದೆಲ್ಲ ಸಿಕ್ಕಾಗ ಯಾರು ಅನುಮಾನಪಡುತ್ತಾರೆ?

ಒಳಗಿನಿಂದ ನಾನು ಕಂಡದ್ದು ಬೇರೆ. ಮುಂಜಾನೆ ಏಳುವುದೆಂದರೆ ಕೆಸರಿನಿಂದ ಕಾಲು ಕಿತ್ತ ಹಾಗೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಒಂದು ಮಾತು ಆಡಬೇಕೆಂದರೆ ಅದನ್ನು ಎಲ್ಲಿಂದಲೋ ಹೊತ್ತು ತರಬೇಕು. ದನಿ ಗೊಗ್ಗರಾಯಿತು, ಕೂದಲು ಬಾಚಣಿಗೆ ತುಂಬ ಬರುತ್ತಿತ್ತು. ಆದರೆ ಇದು ಬೇನೆ ಎಂದು ನನಗನ್ನಿಸಲಿಲ್ಲ. ಬೇನೆ ಎಂದರೆ ಓಡುವುದು ಎಂದೇ ನಾನು ತಿಳಿದಿದ್ದೆ. ಇದು ನಿಂತ ನೀರು. ದುಃಖವೂ ಇಲ್ಲ, ಸಂತೋಷವೂ ಇಲ್ಲ. ಸಾಲಿಯ ನೆನಪಾದರೆ, ಅಷ್ಟು ದೂರ ಯಾರು ನಡೆಯಬೇಕು ಎನ್ನಿಸುತ್ತಿತ್ತು. ಸಾಲಿ ಇದ್ದದ್ದು ನಮ್ಮ ಓಣಿಯ ಕೊನೆಗೆ.

ಬೇಸಗೆಯ ಒಂದು ದಿನ, ಹೊರಗೆ ಕಾಗೆಯೂ ಕೂಗದಷ್ಟು ಬಿಸಿಲು, ನಾನು ಕೌದಿ ಹೊದ್ದುಕೊಂಡು ಅತ್ತೆಯನ್ನು ಕರೆದೆ. “ಅತ್ತೀ, ಕಾಲು ತಣ್ಣಗ ಆಗ್ಯಾವ. ಒಂದಿಷ್ಟು ಕೆಂಡ ತಂದಿಡ್ರಿ.”

ಅತ್ತೆ ತಂದಿಟ್ಟರು. ಬೋಗುಣಿ ಇಟ್ಟವರು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು.

ಅದಾದ ಮೇಲೆ ಸಂಡಿಗೆಯ ದಿನ ಬಂತು. ಅಂಗಳದಲ್ಲಿ ಹಳೆಯ ಧೋತರ ಹಾಸಿ ಅತ್ತೆ ಹಿಟ್ಟು ಬಿಡುತ್ತಿದ್ದರು, ನಾನು ನೆರಳಿನಲ್ಲಿ ಗೋಡೆಗೊರಗಿ ಕುಳಿತಿದ್ದೆ. ಅವರು ಎಂದಿನಂತೆ ಶುರುಮಾಡಿದರು.

“ಇನ್ನೇನು ಜೂನ್ ಬಂತು. ಮತ್ತ ಚೀಲ ಹಾಕ್ಕೊಂಡು ಓಡ್ತೀ. ಈ ಮನಿ ಯಾರು ನೋಡಬೇಕು? ಬಿಟ್ಟಬಿಡು ಆ ನೌಕರಿ ಅಂದ್ರ ಕೇಳೂದಿಲ್ಲ.”

ಹಂಚಿನಿಂದ ಶುರುಮಾಡಿ ನಾನು ಏರಬೇಕಾದ ಜಾಗ ಅದು. ನಾನು ಅಂದೆ, “ಆತ್ರಿ ಅತ್ತಿ. ಬಿಡ್ತೇನಿ.”

ಅವರ ಕೈ ಅಲ್ಲೇ ನಿಂತಿತು. ಹಿಟ್ಟು ಒಂದೇ ಕಡೆ ಸೋರಿ ದೊಡ್ಡ ಗುಡ್ಡೆಯಾಯಿತು.

“ಏನಂದಿ?”

“ಬಿಡ್ತೇನಂದೆ. ನನಗೂ ಸಾಕಾಗೈತಿ.”

ಮದುವೆಯಾದಾಗಿನಿಂದ ಅವರು ಗೆಲ್ಲಬೇಕೆಂದಿದ್ದ ಜಗಳ. ಗೆದ್ದರು. ಗೆದ್ದವರು ಎದ್ದು ನಿಂತು ಹಿಟ್ಟಿನ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು, ಒಮ್ಮೆ ನನ್ನ ಕಡೆ, ಒಮ್ಮೆ ಬೀದಿಯ ಕಡೆ ನೋಡಿದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ರಾತ್ರಿ ಅವರು ಉಣ್ಣಲಿಲ್ಲ. ಮರುದಿನ, ಮಗ ಬರುವ ಶನಿವಾರವನ್ನೂ ಕಾಯದೆ, ಸುಶೀಲಾಳನ್ನು ಕಂಕುಳಲ್ಲಿ ಎತ್ತಿಕೊಂಡು, ನನ್ನ ರಟ್ಟೆ ಹಿಡಿದು ಗೋಕಾಕದ ಮೊದಲ ಬಸ್ಸಿಗೆ ಹತ್ತಿಸಿದರು.

“ಏನಾಗೈತ್ರಿ ಅವ್ವಾರ?” ಎಂದು ಡಾಕ್ಟರು ಕೇಳಿದರು.

“ಡಾಕ್ಟರ್ರ, ನನ್ನ ಸೊಸಿ ಜಗಳಾ ಮಾಡವಲ್ಲಳು.”

ಡಾಕ್ಟರು ನಕ್ಕರು. “ಉಳದ ಅತ್ತ್ಯಾರು ಆಗಿದ್ರ ದೇವರಿಗಿ ಕಾಯಿ ಒಡಸ್ತಿದ್ರು.”

“ನಗಬ್ಯಾಡ್ರಿ. ಬ್ಯಾಸಗ್ಯಾಗ ಕೆಂಡ ಕೇಳ್ತಾಳ. ದನಿ ಕೇಳ್ರಿ, ಗಂಡಸರ ದನಿ ಆಗೈತಿ. ಮೈ ತುಂಬೈತಿ ಅಂತ ನಾ ಊರೆಲ್ಲಾ ಹೇಳ್ಕೋತ ತಿರಗಿದೆ. ಎಷ್ಟು ಬಾಣಂತ್ಯಾರನ್ನ ಎತ್ತೇನಿ, ನನಗ ಗೊತ್ತಾಗಬಾರದೇನ್ರಿ? ಇದು ತುಂಬಿದ್ದಲ್ಲ, ಬಾತದ್ದು. ನೌಕರಿ ಬಿಡು ಅಂದೆ, ಹೂಂ ಅಂದಳು! ನನ್ನ ಸೊಸೀನ ಮುಂಬೈದಾಗ ಇಟಗೊಂಡು ಬ್ಯಾರೆ ಯಾರನ್ನೋ ಕಳಿಸ್ಯಾರ. ನನ್ನ ಸೊಸೀನ ನನಗ ತಿರುಗಿ ಕೊಡ್ರಿ.”

ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯಿತು. ಡಾಕ್ಟರು ನಗು ನಿಲ್ಲಿಸಿದರು. ನನ್ನ ನಾಡಿ ಹಿಡಿದರು, ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ತಟ್ಟಿದರು. ಪಾದ ಜಿಗಿದು, ಮರಳಿ ಬರಲು ಮನಸ್ಸಿಲ್ಲದಂತೆ ನಿಧಾನ ಇಳಿಯಿತು. ಅವರು ಅತ್ತೆಯ ಕಡೆ ತಿರುಗಿದರು.

“ಸರಿಯಾಗಿ ನೋಡೀರಿ. ಇದು ಅಂಟಿನ ತಪ್ಪೂ ಅಲ್ಲ, ಮುಂಬೈದವರ ತಪ್ಪೂ ಅಲ್ಲ. ಓಡೂ ಗ್ರಂಥಿ ನಿಲ್ಲಿಸಬೇಕಾಗಿತ್ತು, ನಿಂತೈತಿ. ಕೆಲವರಿಗೆ ಪೂರಾ ನಿಂತ ಬಿಡತೈತಿ. ಇನ್ನ ಅದು ಮಾಡೂ ಕೆಲಸ ಗುಳಿಗಿ ಮಾಡತೈತಿ. ಸಣ್ಣದರಿಂದ ಶುರು ಮಾಡಿ ನಿಧಾನ ಏರಸೂಣು. ಆದರ ದಿನಾ ತಗೋಬೇಕು, ಜೀವ ಇರೂತನಕ.”

“ಜೀವ ಇರೂತನಕ ನಾ ಚಾ ಕುಡೀತೇನಿ. ಅದೇನು ದೊಡ್ಡದು?” ಎಂದರು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು. “ಆಕಿ ಬರ್ತಾಳಲ್ಲ?”

“ಬರ್ತಾಳ.”

ನನಗೆ ಅಳು ಬರಲಿಲ್ಲ. ಅಳುವಷ್ಟು ಚುರುಕೂ ನನ್ನಲ್ಲಿ ಉಳಿದಿರಲಿಲ್ಲ. ಆದರೆ “ನನ್ನ ಸೊಸೀನ ನನಗ ತಿರುಗಿ ಕೊಡ್ರಿ” ಎಂಬ ಮಾತು ಆ ಮಂಪರಿನೊಳಗೂ ಎಲ್ಲೋ ಹೋಗಿ ಕುಳಿತಿತು. ಇಷ್ಟು ವರ್ಷ ಆ ಮುದುಕಿಗೆ ನಾನು ಬೇಡವಾದವಳು ಎಂದುಕೊಂಡಿದ್ದೆ.

ಡಾಕ್ಟರು ಕೊಟ್ಟ ಸರ್ಟಿಫಿಕೇಟು ನೋಡಿ ದೊಡ್ಡ ಬಾಯಿಯವರು ನಿಟ್ಟುಸಿರು ಬಿಟ್ಟರು. ಪಂಚಮಿ ಹಬ್ಬದವರೆಗೆ ಹೇಗೋ ಜಾಗ ಕಾಯುತ್ತೇನೆ, ಅದಕ್ಕಿಂತ ಆಚೆ ಆಗದು ಎಂದರು. ಮುಂಗಾರು ಹಿಡಿಯಿತು. ಘಟಪ್ರಭೆ ಕೆಂಪಾಗಿ ಏರಿದ ಸುದ್ದಿ ಬಂತು. ಅತ್ತೆ ದಿನವೂ ಮುಂಜಾನೆ ಹಾಲು ಹಿಂಡುವ ಮುಂಚೆ ಗುಳಿಗೆ, ನೀರು ಹಿಡಿದು ನನ್ನ ಹಾಸಿಗೆಯ ಬಳಿ ನಿಲ್ಲುತ್ತಿದ್ದರು. ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದರು, ಸುಶೀಲಾಳಿಗೆ ಮಾಡಿದ ಹಾಗೆ.

ಡಾಕ್ಟರು ನಾಡಿ ನೋಡಲು ತಿಂಗಳಿಗೊಮ್ಮೆ ಕರೆದಿದ್ದರು. ಅತ್ತೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವರು ತಮ್ಮದೇ ಪರೀಕ್ಷೆ ಕಟ್ಟಿಕೊಂಡರು. ಸೋಮವಾರ ಮಗ ಹುಕ್ಕೇರಿಗೆ ಹೋದೊಡನೆ ನನ್ನ ಮುಂದೆ ಬಂದು ಕುಳಿತು, ಕಣ್ಣು ಕಿರಿದು ಮಾಡಿ, “ಬಿಟ್ಟಬಿಡು ಆ ನೌಕರಿ” ಎನ್ನುವುದು. ಮೊದಮೊದಲು ನಾನು “ಹೂಂ” ಎನ್ನುತ್ತಿದ್ದೆ. ಅವರು ಮುಖ ಸಪ್ಪಗೆ ಮಾಡಿ ಎದ್ದುಹೋಗುತ್ತಿದ್ದರು. ಆಮೇಲೊಂದು ಸೋಮವಾರ ಏನೂ ಅನ್ನದೆ ಸುಮ್ಮನಿದ್ದೆ. ಅದಕ್ಕೇ ಅವರು ಆ ದಿನ ಸಿಹಿ ಸಜ್ಜಕ ಮಾಡಿದರು. ಇನ್ನೊಂದು ಸೋಮವಾರ “ನೋಡೂಣು” ಎಂದೆ. ಅತ್ತೆ ಎದುರು ಮನೆಯವರನ್ನು ಕರೆದು “ನೋಡೂಣು ಅಂದ್ಳ!” ಎಂದು ಹೇಳಿಬಂದರು. ಅಷ್ಟರಲ್ಲಿ ನನ್ನ ಕಾಲು ಬೆಚ್ಚಗಾಗತೊಡಗಿದ್ದವು. ಕೌದಿ ಮಡಿಚಿಟ್ಟೆ. ಹೊಸ ಬಳೆಗಳು ಸಡಿಲಾದವು. ಮಳೆಯ ಸಪ್ಪಳ ಕೇಳುತ್ತಿದೆ ಎಂದು ಒಂದು ಮಧ್ಯಾಹ್ನ ಥಟ್ಟನೆ ಅರಿವಾಯಿತು. ಅದು ಎಷ್ಟು ದಿನದಿಂದ ಸುರಿಯುತ್ತಿತ್ತೋ ಏನೋ.

ಪಂಚಮಿಗೆ ಉಂಡಿ ಕಟ್ಟುವ ದಿನ. ಅಡುಗೆಮನೆಯಲ್ಲಿ ಎಳ್ಳು, ಶೇಂಗಾ, ಬೆಲ್ಲದ ಪಾಕ. ಹಿಂದಿನ ಸಲ ಉಳಿದಿದ್ದ ಅಂಟನ್ನೂ ಅತ್ತೆ ಕರಿಯುತ್ತಿದ್ದರು. ಸೋಮವಾರವೂ ಅಲ್ಲ, ಏನೂ ಅಲ್ಲ, ಬಾಯಿ ರೂಢಿಗೆ ಬಿದ್ದಿತ್ತು, ಅಂದರು: “ನಾಳೆ ಹಬ್ಬ ಮುಗೀತಂದ್ರ ಆ ದೊಡ್ಡ ಬಾಯಾರು ಹೇಳಿ ಕಳಿಸ್ತಾರ. ಬಿಟ್ಟಬಿಡು ಆ ನೌಕರಿ. ಮನ್ಯಾಗ ಉಣ್ಣಾಕ ಕಡಿಮಿ ಐತೇನ?”

ಎಲ್ಲಿತ್ತೋ ಗೊತ್ತಿಲ್ಲ, ಹೊಟ್ಟೆಯ ಆಳದಿಂದ ಏರಿಬಂತು. ಕೈಯಲ್ಲಿದ್ದ ಉಂಡಿಯನ್ನು ತಾಟಿಗೆ ಕುಕ್ಕಿದೆ.

“ಯಾಕ ಬಿಡ್ಲಿ? ನಿಮ್ಮ ಮನಿ ಮ್ಯಾಲಿನ ಹಂಚು ಯಾರ ಪಗಾರಿಂದು? ಮಳಿಗಿ ಸೋರಲಾರದ ಕುಂತು ಉಂಡಿ ಕಟ್ಟಾಕತ್ತೀರಲ್ಲ, ಅದು ಯಾರಿಂದ? ನಾ ಓದಿದಾಕಿ, ನಾ ಕಲಸೂದು ಓಣ್ಯಾಗಿನ ಹೆಣ್ಣುಹುಡುಗ್ರನ್ನ. ನೀವು ಸಹಿ ಮಾಡಾಕ ಹೆಬ್ಬಟ್ಟು ಒತ್ತೂದು ಬಿಟ್ಟದ್ದು ನಾ ಕಲಿಸಿದ್ದಕ್ಕ! ನಿಮ್ಮ ಮಗಾ ಸಾಲೀಗಿ ತಪ್ಪಿಸಿ ಎಮ್ಮಿ ಮ್ಯಾಲ…”

ಎಮ್ಮೆಯವರೆಗೆ ಬಂದಿದ್ದೆ. ನನ್ನ ದನಿ ನನಗೇ ಕೇಳಿಸಿತು. ಗೊಗ್ಗರು ಹೋಗಿತ್ತು. ನನ್ನದೇ ದನಿ. ಸುಶೀಲಾ ಅಡುಗೆಮನೆಯ ಬಾಗಿಲಲ್ಲಿ ಚಪ್ಪಾಳೆ ತಟ್ಟುತ್ತಿದ್ದಳು. ಅತ್ತೆ ಜಾಲರಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಮುಖದ ತುಂಬ ನಗು.

ಅವರು ಬಾಣಲೆಯಿಂದ ಆಗತಾನೆ ಎತ್ತಿದ ಅಂಟಿನ ಅರಳನ್ನು ಊದಿ ಊದಿ ಆರಿಸಿ, ಬೆಲ್ಲದಲ್ಲಿ ಅದ್ದಿ, ನಾನು ಇನ್ನೂ ಬೈಯುತ್ತಿದ್ದ ಹಾಗೆಯೇ ನನ್ನ ಬಾಯಿಗೆ ತುರುಕಿದರು.

“ಸಾಕು ಸಾಕು, ಎಲ್ಲಾ ಇವತ್ತ ಖರ್ಚು ಮಾಡಬ್ಯಾಡ” ಎಂದರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. “ಹಬ್ಬಾ ಮುಗೀಲಿ, ಸಾಲೀಗಿ ಹೋಗು. ಉಳದ ಜಗಳಾ ಸಂಜೀಕ ಬಂದ ಮ್ಯಾಲ ಮಾಡೂಣು.”